ಕಲಬುರಗಿಯಲ್ಲಿ ನಾಲ್ಕು ಜನ, ಕರಾವಳಿಯಲ್ಲಿ ನಾಲ್ಕು ಜನ: ಒಂದೇ ಪ್ರಾಜೆಕ್ಟ್ ಮಾಡ್ಸೋದು ಹೇಗೆ

ಎರಡು ಕಾಲೇಜಿನ ಹುಡುಗ್ರನ್ನ ಸೇರಿಸಿ ಒಂದು ಫೈನಲ್ ಇಯರ್ ಪ್ರಾಜೆಕ್ಟ್ ಮಾಡ್ಸೋಣ ಅಂದ್ರೆ ಸ್ಟಾಫ್ ರೂಮಲ್ಲಿ ಮೊದಲು ಬರೋ ಮಾತು, "ಒಂದೇ ಬೆಂಚಲ್ಲಿ ಕೂತಿರೋ ನಾಲ್ಕು ಜನಾನೇ ಜಗಳ ಆಡ್ತಾರೆ, ಇನ್ನು ಅಲ್ಲಿಂದ ಇಲ್ಲಿಗೆ ಎಲ್ಲಿ ಸರ್". ಸುಳ್ಳೇನಲ್ಲ. ಅಮೆರಿಕದ ಎಂಐಟಿಯ ಥಾಮಸ್ ಅಲೆನ್ ಅನ್ನೋರು 1970ರ ದಶಕದಲ್ಲೇ ಇದನ್ನ ಅಳೆದು ತೋರಿಸಿದ್ರು, ಇಂಜಿನಿಯರ್‌ಗಳು ಕೂರೋ ಜಾಗಗಳ ನಡುವೆ ಒಂದೈವತ್ತು ಮೀಟರ್ ದೂರ ಆದ್ರೆ ಸಾಕು, ಕೆಲಸದ ಮಾತುಕತೆ ಹೆಚ್ಚುಕಮ್ಮಿ ನಿಂತೇ ಹೋಗತ್ತೆ ಅಂತ. ಐವತ್ತು ಮೀಟರ್ ಅಂದ್ರೆ ನಮ್ಮಲ್ಲಿ ಇಸಿ ಬ್ಲಾಕಿಂದ ಕ್ಯಾಂಟೀನು, ಅಷ್ಟೇ. ನಾವು ಮಾಡೋಕೆ ಹೊರಟಿದ್ದು ಕಲಬುರಗಿ ಕಡೆ ಒಂದು ಕಾಲೇಜು, ದಕ್ಷಿಣ ಕನ್ನಡದಲ್ಲಿ ಒಂದು ಕಾಲೇಜು, ರಾತ್ರಿ ಬಸ್ ಹತ್ತಿದ್ರೂ ಬೆಳಗಿನ ತಿಂಡಿ ದಾರೀಲೇ ಆಗೋ ಅಷ್ಟು ದೂರ.

ನಾನು ದಾವಣಗೆರೆ ಕಡೆಯವನು, ಪಾಠ ಮಾಡೋದು ಕಲಬುರಗಿ ಭಾಗದಲ್ಲಿ. ದಕ್ಷಿಣ ಕನ್ನಡದ ಕಾಲೇಜಲ್ಲಿ ನನ್ನ ಎಂಟೆಕ್ ಕ್ಲಾಸ್‌ಮೇಟ್ ಒಬ್ರು ಮೇಡಂ ಇದಾರೆ, ಅವರೂ ನಾನೂ ಸೇರಿ ಮೂರು ಬ್ಯಾಚ್ ಹೀಗೆ ಮಾಡ್ಸಿದೀವಿ. ಮೊದಲ್ನೇದು ಪೂರ್ತಿ ಹಳ್ಳ ಹಿಡೀತು, ಎರಡ್ನೇದು ಕುಂಟ್ಕೊಂಡು ದಡ ಸೇರ್ತು, ಮೂರನೇದು ಚೆನ್ನಾಗೇ ಆಯ್ತು. ಕೆಳಗೆ ಬರೆದಿರೋದೆಲ್ಲ ಮೊದಲ್ನೇ ಬ್ಯಾಚಿನ ಪುಣ್ಯ. ಎರಡೂ ಕಾಲೇಜು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲೇ ಇರೋದ್ರಿಂದ ಸಿಲಬಸ್ ಒಂದೇ, ಸೆಮ್ ಶುರುವಾಗೋದು ಮುಗಿಯೋದು ಒಂದೇ, ಹಾಗಾಗಿ ಸುಲಭ ಅಂದ್ಕೊಂಡಿದ್ವಿ, ಅದೇ ಮೊದಲ್ನೇ ತಪ್ಪು.

ಮೊದಲು ಪ್ರಾಜೆಕ್ಟ್ ಆರಿಸ್ಕೊಳ್ಳಿ, ಟೀಂ ಆಮೇಲೆ

ತುಂಬ ಜನ ಇಲ್ಲೇ ಎಡವೋದು. "ಹಾರ್ಡ್‌ವೇರ್ ನಾವು ಮಾಡ್ತೀವಿ, ಆ್ಯಪ್ ನೀವು ಮಾಡಿ, ಕೊನೆಗೆ ಜೋಡ್ಸೋಣ" ಅಂತ ಶುರು ಮಾಡ್ತಾರೆ. ಹಂಗೆ ಮಾಡಿದ್ರೆ ಅದು ಎರಡು ಬೇರೆ ಬೇರೆ ಪ್ರಾಜೆಕ್ಟು, ಕೊನೇ ವಾರದಲ್ಲಿ ಬಲವಂತದ ಮದುವೆ. ಹುಡುಗ್ರಿಗೂ ಗೊತ್ತಿರತ್ತೆ, ಆ ಆ್ಯಪನ್ನ ಪಕ್ಕದ ರೂಮಿನ ಸಿಎಸ್ ಹುಡುಗ ಇನ್ನೂ ಬೇಗ ಮಾಡ್ಕೊಡ್ತಾನೆ, ಅಷ್ಟು ದೂರದೋರ ಹತ್ರ ಯಾಕೆ ಕೇಳ್ಬೇಕು ಅಂತ.

ಎರಡು ಊರು ಇದ್ರೇನೇ ಆಗೋ ಕೆಲಸ ಹುಡುಕ್ಬೇಕು. ನಮಗೆ ಸಿಕ್ಕಿದ್ದು ಮಣ್ಣು. ಮಣ್ಣಿನ ತೇವ ನೋಡಿ ಪಂಪ್ ಆನ್ ಆಫ್ ಮಾಡೋ ಸಿಸ್ಟಂ ಪ್ರತಿ ವರ್ಷ ಪ್ರತಿ ಕಾಲೇಜಲ್ಲೂ ಯಾರೋ ಒಬ್ರು ಮಾಡೇ ಮಾಡ್ತಾರೆ, ಹೂವಿನ ಕುಂಡದಲ್ಲಿ ಸೆನ್ಸರ್ ಚುಚ್ಚಿ ಡೆಮೋ ಕೊಟ್ಟು ಮಾರ್ಕ್ಸ್ ತಗೊಂಡು ಹೋಗ್ತಾರೆ. ಆದ್ರೆ ಅದೇ ಸೆನ್ಸರನ್ನ ಕಲಬುರಗಿ ತೊಗರಿ ಹೊಲದ ಎರೆ ಮಣ್ಣಲ್ಲಿ ಹಾಕಿ ನೋಡಿ. ಎರೆ ಮಣ್ಣು ಒಣಗ್ತಾ ಒಣಗ್ತಾ ಬಿರುಕು ಬಿಡತ್ತೆ, ಬಿರುಕು ಸರಿಯಾಗಿ ಸೆನ್ಸರ್ ಪಕ್ಕದಲ್ಲೇ ಬಿದ್ರೆ ಸೆನ್ಸರಿಗೂ ಮಣ್ಣಿಗೂ ನಡುವೆ ಗಾಳಿ, ಕೆಳಗೆ ತೇವ ಇದ್ರೂ ಅದು ಪೂರ್ತಿ ಒಣಗಿದೆ ಅಂತ್ಲೇ ಹೇಳತ್ತೆ. ಅಲ್ಲಿ ಅಡಿಕೆ ತೋಟದ ಮುರಕಲ್ಲು ಮಣ್ಣಿನ ಕತೆ ಉಲ್ಟಾ, ನೀರು ಹುಯ್ದಂಗೆ ಇಳಿದು ಹೋಗತ್ತೆ. ಇಲ್ಲಿ ಬಯಲು, ಸೆನ್ಸರಿನ ಅಂಕಿ ಕಳಿಸೋ ರೇಡಿಯೋ ಸಿಗ್ನಲ್ ಆರಾಮಾಗಿ ದೂರ ಹೋಗತ್ತೆ, ಅಲ್ಲಿ ತೋಟದ ಮರಗಳೇ ಸಿಗ್ನಲ್ ನುಂಗತ್ವೆ. ಸೆನ್ಸರು, ರೇಡಿಯೋ, ಬ್ಯಾಟರಿ ಎಲ್ಲಾ ಇರೋ ಒಂದೇ ಡಬ್ಬಿ ಎರಡೂ ಕಡೆ ಕೆಲಸ ಮಾಡ್ಬೇಕು ಅಂತ ಗುರಿ ಇಟ್ಟ ತಕ್ಷಣ ಇಲ್ಲಿಯವರಿಗೆ ಅಲ್ಲಿಯವರು ಬೇಕೇ ಬೇಕಾದ್ರು. ಆಮೇಲೆ "ಟೀಂವರ್ಕ್ ಮಾಡ್ರಪ್ಪಾ" ಅಂತ ಭಾಷಣ ಮಾಡೋ ಕೆಲಸ ಉಳೀಲಿಲ್ಲ.

ನಿಮ್ಮದು ಸಿವಿಲ್ ಆದ್ರೆ ಎರಡು ಊರಿನ ಮರಳು, ಎಂ ಸ್ಯಾಂಡ್ ಇಟ್ಕೊಂಡು ಕಾಂಕ್ರೀಟ್ ಮಾಡ್ಬಹುದು, ಇಲೆಕ್ಟ್ರಿಕಲ್ ಆದ್ರೆ ಸೋಲಾರ್ ಪ್ಯಾನೆಲ್ ಮೇಲೆ ಇಲ್ಲಿಯ ಧೂಳು ಅಲ್ಲಿಯ ಮಳೆ ಮೋಡ. ಏನೇ ಆರಿಸ್ಕೊಂಡ್ರೂ ಒಂದು ಪ್ರಶ್ನೆ ಕೇಳಿ: ಆ ಕಡೆ ಕಾಲೇಜು ನಾಳೆ ಕೈ ಬಿಟ್ರೆ ಪ್ರಾಜೆಕ್ಟ್ ನಿಲ್ಲತ್ತಾ? ನಿಲ್ಲಲ್ಲ ಅಂತಾದ್ರೆ ಬೇರೆ ವಿಷಯ ಹುಡುಕಿ.

ಮೇಷ್ಟ್ರುಗಳು ಮೊದಲು ಕೂತು ಮಾತಾಡಿ

ಹುಡುಗ್ರನ್ನ ಸೇರ್ಸೋಕೆ ಮುಂಚೆ ಎರಡೂ ಕಡೆ ಗೈಡ್‌ಗಳು ಮಾರ್ಕ್ಸ್ ವಿಷಯ ಇತ್ಯರ್ಥ ಮಾಡ್ಕೊಳ್ಬೇಕು. ಪ್ರಾಜೆಕ್ಟ್ ಬ್ಯಾಚ್ ಸಾಮಾನ್ಯವಾಗಿ ಒಂದೇ ಕಾಲೇಜಿನ ನಾಲ್ಕು ಜನದ್ದು ಇರತ್ತೆ, ವೈವಾನೂ ಅವರವರ ಕಾಲೇಜಲ್ಲೇ. ಹಾಗಾಗಿ ಕಾಗದದ ಮೇಲೆ ಎರಡು ಬ್ಯಾಚ್, ಎರಡು ಟೈಟಲ್, ಎರಡು ರಿಪೋರ್ಟ್, ಕೆಲಸ ಮಾತ್ರ ಒಂದು ಅಂತ ಮಾಡ್ಕೊಂಡ್ವಿ. ನಮ್ಮ ಟೈಟಲಲ್ಲಿ ಎರೆ ಮಣ್ಣು ಬಂತು, ಅವರದ್ರಲ್ಲಿ ಅಡಿಕೆ ತೋಟ.

ಇಲ್ಲೊಂದು ಗುಂಡಿ ಇದೆ, ನಾವು ಬಿದ್ದಿದೀವಿ. ಎರಡೂ ರಿಪೋರ್ಟಲ್ಲಿ ಸೆನ್ಸರ್ ಬಗ್ಗೆ ಬರೆದ ಚಾಪ್ಟರ್ ಒಂದೇ ಇತ್ತು, ಹುಡುಗ್ರು ಪ್ರೀತಿಯಿಂದ ಹಂಚ್ಕೊಂಡಿದ್ರು. ನಕಲು ಹಿಡಿಯೋ ಪ್ಲೇಜಿಯರಿಸಂ ಚೆಕ್‌ಗೆ ಹಾಕಿದಾಗ ಎರಡ್ನೇ ರಿಪೋರ್ಟ್ ಕೆಂಪು ಕೆಂಪಾಗಿ ಬಂತು. ಯಾವ ಚಾಪ್ಟರ್ ಯಾರು ಬರೀಬೇಕು, ಇನ್ನೊಬ್ರದ್ದನ್ನ ಹೇಗೆ ಉಲ್ಲೇಖ ಮಾಡ್ಬೇಕು ಅಂತ ಮೊದಲ ತಿಂಗಳೇ ತೀರ್ಮಾನ ಮಾಡಿ. ಹೆಚ್‌ಒಡಿಗಳಿಗೂ ಬರವಣಿಗೇಲಿ ಒಂದು ಮಾತು ಹಾಕಿ ಇಟ್ಟಿರಿ, ಬಾಯಿ ಮಾತು ಎಲ್ಲಾ ರಿವ್ಯೂ ದಿನ ಮರೆತು ಹೋಗಿರತ್ತೆ.

ಇನ್ನೊಂದು, ಇಂಟರ್ನಲ್ಸ್ ಡೇಟು ಕಾಲೇಜಿಂದ ಕಾಲೇಜಿಗೆ ಬೇರೆ. ನಮ್ಮ ಹುಡುಗ್ರು ಫ್ರೀ ಇದ್ದಾಗ ಅವರಿಗೆ ಟೆಸ್ಟು, ಅವರು ಫ್ರೀ ಆದಾಗ ಇಲ್ಲಿ ಫೆಸ್ಟು. ಮಳೆ ಜೋರಾದ್ರೆ ಅಲ್ಲಿ ಡಿಸಿ ರಜೆ ಕೊಡ್ತಾರೆ, ಹಾಸ್ಟೆಲ್ ಹುಡುಗ್ರು ಕೆಲವ್ರು ಊರಿಗೆ ಹೋಗಿಬಿಡ್ತಾರೆ. ಎರಡೂ ಕ್ಯಾಲೆಂಡರ್ ಒಂದೇ ಹಾಳೆಗೆ ಇಳ್ಸಿ ನೋಡಿದ್ರೆ ಹದಿನಾಲ್ಕು ವಾರದಲ್ಲಿ ಎಂಟೂ ಜನ ಒಟ್ಟಿಗೆ ಕೈಗೆ ಸಿಗೋದು ಎಂಟೊಂಬತ್ತು ವಾರ ಅಷ್ಟೇ. ಪ್ಲಾನ್ ಅದಕ್ಕೆ ಮಾಡಿ.

ಮೊದಲ್ನೇ ಕಾಲ್‌ನಲ್ಲಿ ಪ್ರಾಜೆಕ್ಟ್ ಮಾತೇ ಬೇಡ

ಸ್ಟ್ಯಾನ್‌ಫರ್ಡಲ್ಲಿ ಎಂಇ 310 ಅಂತ ಒಂದು ಕೋರ್ಸ್ ಇದೆ, ಬೇರೆ ದೇಶದ ಯೂನಿವರ್ಸಿಟಿ ಹುಡುಗ್ರ ಜೊತೆ ಟೀಂ ಕಟ್ಟಿ ಪ್ರಾಜೆಕ್ಟ್ ಮಾಡ್ಸೋದಕ್ಕೇ ಹೆಸರು ಮಾಡಿರೋದು. ಅಲ್ಲಿ ಮೊದಲು ಕೊಡೋ ಕೆಲಸ ಏನ್ ಗೊತ್ತಾ, ಪೇಪರಲ್ಲಿ ರಟ್ಟಲ್ಲಿ ಗಾಡಿ ಮಾಡಿ ಓಡ್ಸೋದು. ಅದನ್ನ ನೋಡಿ ನಾವೊಂದು ಚಿಕ್ಕದು ಮಾಡ್ಕೊಂಡ್ವಿ. ಒಂದು ಕಡೆಯವರು ಹತ್ತು ಎ4 ಹಾಳೆ, ಒಂದು ಗಮ್ ಟೇಪಲ್ಲಿ ಸೇತುವೆ ಕಟ್ಟಬೇಕು, ಕಟ್ಟಿದ್ದನ್ನ ಬರೀ ಅಕ್ಷರದಲ್ಲಿ ಬರೆದು ಕಳಿಸ್ಬೇಕು, ಫೋಟೋ ಇಲ್ಲ ಚಿತ್ರ ಇಲ್ಲ ಕಾಲ್ ಇಲ್ಲ. ಆ ಕಡೆಯವರು ಓದಿ ಅದೇ ಸೇತುವೆ ಕಟ್ಟಬೇಕು. ಆಮೇಲೆ ಕ್ಯಾಮೆರಾ ಆನ್.

ಏನು ನಗು ಗೊತ್ತಾ. "ಉದ್ದಕ್ಕೆ ಮಡಚಿ" ಅಂತ ಬರೆದಿದ್ರು, ಅವರು ಅಡ್ಡಕ್ಕೆ ಮಡಚಿ ಸುರುಳಿ ಮಾಡಿಟ್ಟಿದ್ರು. ತಾನು ಬರೆದಿದ್ದು ಇನ್ನೊಬ್ಬನಿಗೆ ಹೇಗೆ ಕಾಣತ್ತೆ ಅನ್ನೋದು ಒಂದು ಗಂಟೇಲಿ ತಲೆಗೆ ಹೋಗತ್ತೆ, ನಾನು ಎರಡು ಕ್ಲಾಸ್ ತಗೊಂಡ್ರೂ ಹೋಗ್ತಿರ್ಲಿಲ್ಲ.

ಜೋಡಿ ಮಾಡುವಾಗ ಊರು ಬೆರೆಸಿ

ಎಂಟು ಜನ, ನಾಲ್ಕು ಜೋಡಿ, ಪ್ರತಿ ಜೋಡೀಲಿ ಇಲ್ಲಿಯವರೊಬ್ರು ಅಲ್ಲಿಯವರೊಬ್ರು. ಸೆನ್ಸರ್ ಒಂದು ಜೋಡಿ, ರೇಡಿಯೋ ಒಂದು, ಪವರ್ ಮತ್ತೆ ಡಬ್ಬಿ ಒಂದು, ಡೇಟಾ ಮತ್ತೆ ಆ್ಯಪ್ ಒಂದು. ಹೀಗೆ ಮಾಡಿದ್ರೆ ನಿಧಾನ ಆಗತ್ತೆ, ಸುಳ್ಳು ಹೇಳಲ್ಲ. ಮೊದಲ ಮೂರು ವಾರ ಏನೂ ಮುಂದೆ ಹೋಗ್ತಿಲ್ಲ ಅನ್ಸತ್ತೆ, ನಿಮ್ಮ ಕೈ ಕಡೀತಾ ಇರತ್ತೆ, "ಬಿಡ್ರೋ ಇಲ್ಲೇ ಮಾಡ್ಕೊಳ್ಳೋಣ" ಅಂತ. ತಡ್ಕೊಳ್ಳಿ. ಮೊದಲ್ನೇ ಬ್ಯಾಚಲ್ಲಿ ಊರಿಗೊಂದು ಟೀಂ ಮಾಡಿದ್ವಿ, ನಾಲ್ಕನೇ ವಾರಕ್ಕೆ "ಅವರು" "ನಾವು" ಶುರುವಾಗಿತ್ತು, ತಪ್ಪೆಲ್ಲಾ ಅವರದ್ದು. ಬೆರೆಸಿದ ಮೇಲೆ ಬೈಯೋದಾದ್ರೂ ತನ್ನ ಜೋಡಿಯವನನ್ನೇ ಬೈಬೇಕು, ಆವಾಗ ಬೈಗುಳ ಸ್ವಲ್ಪ ಮೆತ್ತಗಾಗತ್ತೆ.

ಒಪ್ಪಂದದ ಹಾಳೆ

ಇದೊಂದು ಮಾಡದೇ ಇದ್ರೆ ಮಿಕ್ಕಿದ್ದೆಲ್ಲಾ ದಂಡ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲ್ನೇ ಬ್ಯಾಚಲ್ಲಿ ಆಗಿದ್ದು ಇದು. ಸೆನ್ಸರ್ ಓದಿ ಪಂಪ್ ನಡ್ಸೋ ಪುಟ್ಟ ಕಂಪ್ಯೂಟರ್ ಬೋರ್ಡ್ ಬೇಕಲ್ಲ, ಇಲ್ಲಿಯವರು ಇಎಸ್‌ಪಿ32 ಬೋರ್ಡ್ ತಗೊಂಡಿದ್ರು, ಅಲ್ಲಿಯವರ ಲ್ಯಾಬಲ್ಲಿ ಆರ್ಡುಯಿನೋ ಊನೋ ಇತ್ತು, ಅದನ್ನೇ ಬಳಸಿದ್ರು. ಇಎಸ್‌ಪಿ32 ಸೆನ್ಸರಿನ ವೋಲ್ಟೇಜನ್ನ 0ಯಿಂದ 4095ರ ತನಕ ಅಂಕಿ ಮಾಡಿ ಕೊಡತ್ತೆ, ಊನೋ ಕೊಡೋದು 0ಯಿಂದ 1023. ಮಣ್ಣು ಒಣಗಿದಷ್ಟೂ ಅಂಕಿ ಜಾಸ್ತಿ ಆಗೋ ತರದ ಸೆನ್ಸರ್. ಇಲ್ಲಿ ಕೂತು ಕೋಡ್ ಬರೆದವನು, 1500 ದಾಟಿದ್ರೆ ಪಂಪ್ ಆನ್ ಅಂತ ಬರೆದ. ಅದೇ ಕೋಡ್ ಅಲ್ಲಿಗೆ ಹೋಯ್ತು. 1023ರ ಮೇಲೆ ಹೋಗೋಕೇ ಬರದ ಬೋರ್ಡು 1500 ಯಾವಾಗ ದಾಟ್ಬೇಕು? ಕುಂಡದ ಗಿಡ ಒಣಗಿ ಹೋಯ್ತು, ಪಂಪ್ ಮಾತ್ರ ಆನ್ ಆಗಲಿಲ್ಲ, ಎರಡು ವಾರ "ಪಂಪ್ ಸರಿ ಇಲ್ಲ" "ಕೋಡ್ ಸರಿ ಇಲ್ಲ" ಅಂತ ಕಿತ್ತಾಡಿದ್ರು.

ನಮ್ಮ ಹುಡುಗ್ರು ಮಾತ್ರ ಹೀಗೆ ಅಂತ ಬೇಜಾರಾಗ್ಬೇಡಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ರ ಹೋಗಿ ಹಾಳಾಗಿದ್ದು ಇಂಥದ್ರಿಂದ್ಲೇ, ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡ್ತಿತ್ತು, ದಾರಿ ಲೆಕ್ಕ ಹಾಕೋ ಜೆಪಿಎಲ್ (ನಾಸಾದ್ದೇ ಒಂದು ಲ್ಯಾಬ್) ನವರು ಅದನ್ನ ನ್ಯೂಟನ್ ಅಂದ್ಕೊಂಡಿದ್ರು. ಏರ್‌ಬಸ್ ಎ380 ವಿಮಾನದ್ದೂ ಅದೇ ಗೋಳು, ಹ್ಯಾಂಬರ್ಗಿನವರು ಡಿಸೈನ್ ಮಾಡೋ ಕ್ಯಾಟಿಯಾ ಸಾಫ್ಟ್‌ವೇರಿನ ನಾಲ್ಕನೇ ವರ್ಷನ್, ತುಲೂಸಿನವರು ಐದನೇ ವರ್ಷನ್. ಒಂದು ವಿಮಾನಕ್ಕೆ 500 ಕಿಲೋಮೀಟರ್‌ಗೂ ಜಾಸ್ತಿ ವೈರು, ಜೋಡ್ಸೋಕೆ ಹೋದ್ರೆ ವೈರ್ ಸಾಲ್ತಿಲ್ಲ. 2006ರಲ್ಲಿ ಅದರಿಂದ ಆದ ತಡ ಏರ್‌ಬಸ್‌ನವರಿಗೆ ಕೋಟಿಗಟ್ಲೆ ಯೂರೋ ಹೊಡೆತ ಕೊಡ್ತು. ಈ ಎರಡು ಕತೆ ಹುಡುಗ್ರಿಗೆ ಹೇಳಿ, ಹಾಳೆ ಬರೆಯೋಕೆ ತಾವಾಗೇ ಕೂರ್ತಾರೆ.

ಹಾಳೇಲಿ ಏನಿರ್ಬೇಕು ಅಂದ್ರೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋ ಪ್ರತಿಯೊಂದೂ. ತೇವ ಅಂದ್ರೆ ಯಾವ ಅಂಕಿ? ನಾವು ಬೋರ್ಡಿನ ಅಂಕಿ ಯಾರೂ ಕಳಿಸಂಗಿಲ್ಲ, ಶೇಕಡಾ ಮಾತ್ರ ಅಂತ ಮಾಡಿದ್ವಿ, ಪೂರ್ತಿ ಒಣಗಿಸಿದ ಮಣ್ಣು 0, ನೆನೆಸಿ ನೀರು ಬಸಿದು ಹೋದ ಮಣ್ಣು 100. ಒಣಗ್ಸೋದು ಹೇಗೆ ಅಂತಾನೂ ಬರೆದ್ವಿ, ಸಿವಿಲ್ ಲ್ಯಾಬ್ ಓವನ್ನಲ್ಲಿ 105 ಡಿಗ್ರೀಲಿ 24 ಗಂಟೆ, ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ತೂಕ. ಎಷ್ಟು ನಿಮಿಷಕ್ಕೊಮ್ಮೆ ಡೇಟಾ, 15. ಬೋರ್ಡಿನ ಲೈನ್ 3.3 ವೋಲ್ಟಾ 5 ವೋಲ್ಟಾ, ಯಾವ ಕನೆಕ್ಟರ್, ಕೆಂಪು ವೈರ್ ಯಾವುದು ಕಪ್ಪು ಯಾವುದು. ಕಮ್ಮಿ ಕರೆಂಟಲ್ಲಿ ದೂರ ಹೋಗೋ ಲೋರಾ ರೇಡಿಯೋ ಯಾವ ಬ್ಯಾಂಡ್, ಇದನ್ನಂತೂ ದಪ್ಪ ಅಕ್ಷರದಲ್ಲಿ ಬರೀರಿ, ನಮ್ಮಲ್ಲಿ ಲೋರಾನ ಲೈಸೆನ್ಸ್ ಇಲ್ದೆ ಹೊಲ ತೋಟದಲ್ಲಿ ಬಳಸೋಕೆ ಇರೋದು 865ರಿಂದ 868 ಮೆಗಾಹರ್ಟ್ಜ್, ಆದ್ರೆ ಅಂಗಡೀಲಿ ಸಸ್ತಾ ಸಿಗತ್ತೆ ಅಂತ ಒಬ್ಬ 433ರ ಮಾಡ್ಯೂಲ್ ತಂದಿದ್ದ, ನೋಡೋಕೆ ಎರಡೂ ಅವಳಿ ಜವಳಿ. ಎಂಟೂ ಜನ ಫೋನ್ ನಂಬರ್ ಬರೆದು ಸೈನ್ ಮಾಡಿ, ಎರಡೂ ಲ್ಯಾಬಿನ ಗೋಡೆಗೆ ಅಂಟಿಸಿ. ಏನಾದ್ರೂ ಬದಲಾಯ್ಸಿದ್ರೆ ಡೇಟ್ ಹಾಕಿ ಹೊಸ ಹಾಳೆ.

ನಮ್ಮ ಕನ್ನಡ, ನಿಮ್ಮ ಕನ್ನಡ

ಎಲ್ಲರೂ ಕನ್ನಡದವ್ರೇ ಅಲ್ವಾ, ಭಾಷೆ ತೊಂದರೆ ಏನು ಅಂತೀರಾ. ನಮ್ಮ ಹುಡುಗಿ ಗ್ರೂಪಲ್ಲಿ ಹಾಕಿದ್ಲು, "ರೀಡಿಂಗ್ ಬರೋಬ್ಬರಿ ಬರ್ಲಾಕತ್ತದ". ಅಲ್ಲಿಂದ ತಕ್ಷಣ ಉತ್ತರ, "ಬರೋಬ್ಬರಿ ಅಂದ್ರೆ ಎಷ್ಟು? ಸೆನ್ಸರ್ ಹಾಳಾಗಿದೆಯಾ ಎಂತ?" ಇಲ್ಲಿ ಬರೋಬ್ಬರಿ ಅಂದ್ರೆ ಸರಿಯಾಗಿ. ಅವರಿಗೆ ಗೊತ್ತಿರೋದು ಪೇಪರ್ ಟೀವಿಯ "ಬರೋಬ್ಬರಿ ಹತ್ತು ಲಕ್ಷ", ಅಂದ್ರೆ ಸಿಕ್ಕಾಪಟ್ಟೆ.

ಅದು ತಮಾಷೆ, ಇನ್ನೊಂದು ತಮಾಷೆ ಅಲ್ಲ. ಕರಾವಳಿ ಹುಡುಗ "ಶನಿವಾರ ಟೆಸ್ಟ್ ಮಾಡುವ" ಅಂತ ಬರೆದಿದ್ದ. ಅವರ ಕಡೆ ಮಾಡುವ ಅಂದ್ರೆ ಮಾಡೋಣ, ಎರಡೂ ಕಡೆ ಸೇರಿ. ಇಲ್ಲಿಯವರು ಓ ಅವನೇ ಮಾಡ್ತಾನಂತೆ ಅಂದ್ಕೊಂಡು ಸಿನಿಮಾಕ್ಕೆ ಹೋದ್ರು. ಅವನು ಲ್ಯಾಬಲ್ಲಿ ಒಬ್ಬನೇ ಕಾದು ಕಾದು ಸಿಟ್ಟಾಗಿ ಬಿಟ್ಟ. ಅವತ್ತಿಂದ ರೂಲ್: ಕೆಲಸದ ಮಾತಲ್ಲಿ ಹೆಸರು, ದಿನ, ಗಂಟೆ ಮೂರೂ ಇರ್ಬೇಕು.

ಇಲ್ಲಿ ಗೆಳೆಯರು "ಲೇ" ಅಂತ್ಲೇ ಕರಿಯೋದು, ಅದು ಪ್ರೀತಿ, ಅಲ್ಲಿಯವರಿಗೆ ಕಪಾಳಕ್ಕೆ ಹೊಡೆದಂಗೆ ಕೇಳತ್ತೆ. ಕಾಲ್ ನಡೆಯುವಾಗ ಅವರವರಲ್ಲೇ ತುಳುವಲ್ಲಿ ಮಾತಾಡ್ಕೊಂಡ್ರೆ ಇಲ್ಲಿಯವರಿಗೆ ನಮ್ಮ ಬಗ್ಗೇನೇ ಏನೋ ಅಂತಿದಾರೆ ಅನ್ನೋ ಗುಮಾನಿ, ಇಲ್ಲಿಯವರು ಉರ್ದುಗೆ ಇಳಿದ್ರೆ ಅವರಿಗೆ ಅದೇ ಗುಮಾನಿ. ಮೊದಲ ವಾರವೇ ಇದನ್ನ ನಗ್ತಾ ನಗ್ತಾ ಹೇಳಿಬಿಡಿ, ಕಾಲ್‌ನಲ್ಲಿ ಎಲ್ಲರಿಗೂ ಗೊತ್ತಾಗೋ ಭಾಷೆ, ಕಾಲ್ ಕಟ್ ಆದ್ಮೇಲೆ ಏನಾದ್ರೂ ಮಾತಾಡ್ಕೊಳ್ಳಿ.

ಕಾಲ್ ಮಾಡೋ ಕ್ರಮ

ವಾರಕ್ಕೆ ಎರಡು, ಮಂಗಳವಾರ ಶುಕ್ರವಾರ, ರಾತ್ರಿ ಎಂಟೂಮುಕ್ಕಾಲಿಗೆ, ಇಪ್ಪತ್ತೈದು ನಿಮಿಷ. ಯಾಕೆ ಆ ಟೈಮು ಅಂದ್ರೆ ಸಂಜೆ ಐದಕ್ಕೆ ದಿನಾ ಓಡಾಡೋ ಹುಡುಗ್ರು ಬಸ್ಸಲ್ಲಿರ್ತಾರೆ, ಲೇಡೀಸ್ ಹಾಸ್ಟೆಲಿಗೆ ಸಂಜೆ ಮೇಲೆ ಲ್ಯಾಬಿಗೆ ಬಿಡಲ್ಲ, ಊಟ ಮುಗಿದ ಮೇಲೇ ಎಲ್ಲರೂ ಫೋನ್ ಹತ್ರ ಇರೋದು. ನಿಮ್ಮ ಕಡೆ ಬೇರೆ ಇರ್ಬಹುದು, ಕೇಳಿ ಇಟ್ಕೊಳ್ಳಿ.

ಒಂದೇ ಲ್ಯಾಪ್‌ಟಾಪ್ ಮುಂದೆ ನಾಲ್ಕು ತಲೆ ಕೂರೋದು ಮಾತ್ರ ಬೇಡವೇ ಬೇಡ. ಆ ಕಡೆಯವರಿಗೆ ಒಂದು ಕಿವಿ, ಅರ್ಧ ಮುಖ ಕಾಣತ್ತೆ, ಜೋರಾಗಿ ಮಾತಾಡೋ ಒಬ್ಬನದ್ದೇ ದನಿ, ಹಿಂದೆ ಕೂತ ಹುಡುಗಿ ಇಡೀ ಸೆಮ್ ಒಂದು ಮಾತೂ ಆಡಿರಲ್ಲ. ಒಂದೇ ರೂಮಲ್ಲಿದ್ರೂ ಅವರವರ ಫೋನು, ಅವರವರ ಇಯರ್‌ಫೋನು. ಡೇಟಾ ಇಲ್ಲ ಅಂದ್ರೆ ವಿಡಿಯೋ ಆಫ್ ಮಾಡಿ, ದನಿ ಸಾಕು. ಪ್ರತಿ ಸಲ ಬೇರೆ ಒಬ್ರು ನಡೆಸ್ಲಿ, ಕೊನೆಗೆ ಏನು ತೀರ್ಮಾನ ಆಯ್ತು ಅಂತ ಮೂರು ಸಾಲು ಗೂಗಲ್ ಡಾಕ್‌ಗೆ. ವಾಟ್ಸ್‌ಆ್ಯಪ್ ಗ್ರೂಪ್ ಇರ್ಲಿ ಬೇಡ ಅನ್ನಲ್ಲ, ಆದ್ರೆ ಗ್ರೂಪಲ್ಲಿ ಆದ ತೀರ್ಮಾನ ತೀರ್ಮಾನ ಅಲ್ಲ, ಗುಡ್ ಮಾರ್ನಿಂಗ್ ಮೀಮ್‌ಗಳ ಕೆಳಗೆ ಅದು ಯಾರ ಕೈಗೂ ಸಿಗಲ್ಲ.

ಕೋಡ್ ಗಿಟ್‌ಹಬ್ಬಲ್ಲಿ (ಯಾರು ಯಾವಾಗ ಏನು ಬದಲಾಯ್ಸಿದ್ರು ಅಂತ ಇಟ್ಕೊಳ್ಳೋ ವೆಬ್‌ಸೈಟು), ಅಷ್ಟೇ. ಫೈನಲ್, ಫೈನಲ್2, ಹೊಸ ಫೈನಲ್ ಅಂತ ಜಿಪ್ ಫೈಲ್ ಓಡಾಡೋದು ಕಂಡ್ರೆ ಅವತ್ತೇ ನಿಲ್ಸಿ. ಗಿಟ್ ಕಲಿಸೋಕೆ ಒಂದು ಶನಿವಾರ ಇಡಿ.

ಡಬ್ಬಿ ಅದಲು ಬದಲು

ಅರ್ಧ ಸೆಮ್ ಆಗೋ ಹೊತ್ತಿಗೆ ಇಲ್ಲಿ ಮಾಡಿದ ಡಬ್ಬಿ ಅಲ್ಲಿಗೆ, ಅಲ್ಲಿಯದ್ದು ಇಲ್ಲಿಗೆ ಹೋಗ್ಬೇಕು. ನನ್ನ ಅನುಭವದಲ್ಲಿ ಟೀಂ ನಿಜವಾಗ್ಲೂ ಟೀಂ ಆಗೋದು ಆ ಪಾರ್ಸೆಲ್ ಬಿಚ್ಚಿದ ದಿನ. ಅವನು ಮಾಡಿದ ಸೋಲ್ಡರ್ ಇವಳ ಕೈಯಲ್ಲಿ ಬಿಟ್ಟು ಹೋಗತ್ತೆ, ಇವಳು ಕೊಟ್ಟ ವೈರ್ ಅವನಿಗೆ ಗಿಡ್ಡ ಆಗತ್ತೆ. ಯಾರಿಗೂ ಹೇಳದೇ ತನ್ನ ತಲೇಲೇ ಇಟ್ಕೊಂಡಿದ್ದ ಸಂಗತಿಗಳೆಲ್ಲಾ ಅವತ್ತು ಹೊರಗೆ ಬರತ್ವೆ, "ಸ್ವಿಚ್ ಎರಡು ಸಲ ಒತ್ಬೇಕು, ಬರೆಯೋಕೆ ಮರೆತೆ" ಅಂತ.

ಸ್ಪೀಡ್ ಪೋಸ್ಟೋ ಬಸ್ ಪಾರ್ಸೆಲ್ಲೋ ಯಾವುದಾದ್ರೂ ಆಗತ್ತೆ, ಲಿಥಿಯಂ ಬ್ಯಾಟರಿ ಮಾತ್ರ ತೆಗೆದಿಡಿ, ವಿಮಾನದಲ್ಲಿ ಹೋಗೋ ಪಾರ್ಸೆಲ್ಲಿಗೆ ಅದಕ್ಕೆ ನಿರ್ಬಂಧ ಇದೆ, ಕೌಂಟರಲ್ಲೇ ವಾಪಸ್ ಕೊಡ್ತಾರೆ. ಬ್ಯಾಟರಿ ಆ ಊರಲ್ಲೇ ತಗೊಳ್ಳಿ. ಜೊತೆಗೆ ಎರಡು ಕೆಜಿ ಮಣ್ಣೂ ಹಾಕಿ. ನಮ್ಮ ಎರೆ ಮಣ್ಣು ನೋಡಿ ಅಲ್ಲಿಯವರು ಒದ್ದೆ ಮಾಡಿ ಬೂಟಿಗೆ ಮೆತ್ಕೊಂಡು ಫೋಟೋ ಕಳಿಸಿದ್ರು, "ಇದು ಮಣ್ಣಾ ಅಂಟಾ ಮಾರಾಯ್ರೆ".

ಕೆಲಸ ಮಾಡದ ಒಬ್ಬ

ಇದ್ದೇ ಇರ್ತಾನೆ. ದೂರದ ಟೀಮಲ್ಲಿ ಅವನಿಗೆ ಇನ್ನೂ ಆರಾಮ, ನೆಟ್‌ವರ್ಕ್ ಇಲ್ಲ ಅಂದ್ರೆ ಮುಗೀತು. ಆರನೇ ವಾರದಲ್ಲಿ ಒಂದು ಗೂಗಲ್ ಫಾರ್ಮ್ ಕೊಡಿ, ಪ್ರತಿಯೊಬ್ಬರೂ ಮಿಕ್ಕ ಏಳು ಜನಕ್ಕೆ 100 ಪಾಯಿಂಟ್ ಹಂಚ್ಬೇಕು, ಯಾಕೆ ಅಂತ ಒಂದೊಂದು ಸಾಲು ಬರೀಬೇಕು, ಗೈಡ್‌ಗಳಿಬ್ಬರೇ ನೋಡೋದು. ಕೊನೇಲಿ ಮಾಡಿದ್ರೆ ಅದು ಶಿಕ್ಷೆ ಅಷ್ಟೇ, ಆರನೇ ವಾರದಲ್ಲಾದ್ರೆ ಕರೆದು ಮಾತಾಡೋಕೆ ಟೈಂ ಇರತ್ತೆ. ಎರಡ್ನೇ ಬ್ಯಾಚಲ್ಲಿ ಎಲ್ಲರೂ ಸೋಮಾರಿ ಅಂದ ಹುಡುಗನ್ನ ಕರೆದು ಕೇಳಿದ್ರೆ ಅವನ ಫೋನ್ ಒಡೆದು ಒಂದು ತಿಂಗಳಾಗಿತ್ತು, ಹೇಳ್ಕೊಳ್ಳೋಕೆ ನಾಚಿಕೆ. ಲ್ಯಾಬಿನ ಒಂದು ಹಳೇ ಟ್ಯಾಬ್ ಕೊಟ್ವಿ, ಡ್ಯಾಶ್‌ಬೋರ್ಡ್ ಪೂರ್ತಿ ಅವನೇ ಮಾಡಿದ. ಕೋರ್ಸಿಗೆ ಮಾನ್ಯತೆ ಕೊಡೋ ಎನ್‌ಬಿಎಗೆ ಅಂತ ಇಡೋ ಫೈಲಲ್ಲಿ ಟೀಂವರ್ಕ್ ಕಾಲಮ್ಮಿಗೆ ನಾನೂ ವರ್ಷಗಟ್ಲೆ ಎಲ್ಲರಿಗೂ ಕಣ್ಮುಚ್ಚಿ ಮೂರು ಹಾಕಿದವನೇ, ಈ ಫಾರ್ಮ್ ಬಂದ ಮೇಲೆ ಹಾಗೆ ಹಾಕೋಕೆ ಕೈ ಬರಲ್ಲ.

ದುಡ್ಡಿದ್ರೆ ಒಂದು ಸಲ ಮುಖಾಮುಖಿ ಭೇಟಿ ಮಾಡ್ಸಿ, ಸೆಮ್ ಶುರುವಲ್ಲಾದ್ರೆ ಒಳ್ಳೇದು. ನಾವು ಹುಬ್ಬಳ್ಳೀಲಿ ಸೇರಿದ್ವಿ, ಎರಡೂ ಕಡೆಯವರಿಗೂ ಅಷ್ಟಿಷ್ಟು ನಡುವೆ ಅಂತ. ಒಂದು ದಿನ, ಒಂದು ಊಟ, ಕೆಲಸ ಏನೂ ಜಾಸ್ತಿ ಆಗಲ್ಲ, ಆದ್ರೆ ಆಮೇಲೆ ಮೆಸೇಜಿಗೆ ಉತ್ತರ ಬೇಗ ಬರತ್ತೆ. ದುಡ್ಡಿಲ್ಲ ಅಂದ್ರೆ ಚಿಂತೆ ಇಲ್ಲ, ಪಾರ್ಸೆಲ್ ಖರ್ಚಾದ್ರೂ ಡಿಪಾರ್ಟ್‌ಮೆಂಟಿಂದ ಕೇಳಿ, ಹುಡುಗ್ರ ಜೇಬಿಗೆ ಹಾಕ್ಬೇಡಿ.

ವೈವಾ ಮುಗಿದ ಮೇಲೆ ಡಬ್ಬಿಗಳನ್ನ ವಾಪಸ್ ತರಿಸ್ಕೊಳ್ಬೇಡಿ. ನಮ್ಮದು ಅಲ್ಲಿನ ತೋಟದಲ್ಲೇ ಇರ್ಲಿ, ಅವರದ್ದು ಇಲ್ಲಿ ಹೊಲದಲ್ಲಿ. ಮುಂದಿನ ವರ್ಷದ ಹುಡುಗ್ರಿಗೆ ಮೊದಲ್ನೇ ಕೆಲಸ ಅಂತ ಅದನ್ನೇ ಕೊಡಿ: ಯಾರೋ ನೋಡದೇ ಇರೋ ಸೀನಿಯರ್ ಮಾಡಿಟ್ಟ ಡಬ್ಬಿ ಯಾಕೆ ನಿಂತಿದೆ ಅಂತ ಹುಡುಕಿ, ಬೇಕಾದ್ರೆ ಆ ಸೀನಿಯರಿಗೇ ಫೋನ್ ಮಾಡಿ ಕೇಳಿ, ನಂಬರ್ ಒಪ್ಪಂದದ ಹಾಳೇಲಿ ಇದೆ.